ಜಬರ್ ಮ್ಯಾನ್ ಮಾತಾಡಬಾರದು

ಸೆಪ್ಟೆಂಬರ್ ೮, ಸೋಮವಾರ

ಮುತ್ತು ಒಂದೇ ದಿನಕ್ಕೆ ಕೈಚೆಲ್ಲಿದ. ಒಳಗೆ ಉಸಿರು ಕಟ್ಟುತ್ತದಂತೆ, ಬೆನ್ನ ತುಂಬ ಬೆವರುಸಾಲೆಯಂತೆ, ಕಟ್ಟಡದ ಮೇಲೆ ಕಬ್ಬಿಣ ಬಗ್ಗಿಸುವುದೇ ಇದಕ್ಕಿಂತ ಸುಖವಂತೆ. ನನ್ನ ತಮ್ಮನಿಗೆ ಯಾವ ಕೆಲಸವೂ ಬಿಟ್ಟ ಮೇಲೆಯೇ ಚೆಂದ ಕಾಣುವುದು. ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಮತ್ತೆ ಸೈಟಿಗೆ ಹೋದ.

ಅವನು ಬಿಟ್ಟು ಹೋದದ್ದು ಒಂದು ಬೊಂಬೆ ವೇಷ. ಜಬರ್ ಚಿಪ್ಸ್ ಕಂಪನಿಯವರು ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳ ಫುಡ್ ಕೋರ್ಟುಗಳಲ್ಲಿ ಪುಕ್ಕಟೆ ಪೊಟ್ಟಣ ಹಂಚಿಸುತ್ತಿದ್ದಾರೆ. ಹಂಚುವುದಕ್ಕೆ ಅವರ ಜಾಹೀರಾತಿನ ಮಹಾವೀರ ಜಬರ್ ಮ್ಯಾನೇ ಬರಬೇಕು. ಹಸಿರು ಮೈ, ಹಳದಿ ಚಡ್ಡಿ, ಬೆನ್ನಿಗೆ ಕೆಂಪು ಶಾಲು, ಫೋಮಿನ ತೋಳು, ಫೋಮಿನ ಎದೆ, ಕುಂಬಳಕಾಯಿಯಷ್ಟು ದೊಡ್ಡ ತಲೆ. ನಾನು ಅವನ ಪಕ್ಕದಲ್ಲಿ ತಟ್ಟೆ ಹಿಡಿದು ನಗುತ್ತ ನಿಲ್ಲುವ ಹುಡುಗಿಯರಲ್ಲಿ ಒಬ್ಬಳು. ಹುಡುಗಿ ಎಂದು ಅವರು ಕರೆಯುತ್ತಾರೆ, ನನಗೆ ಮೂವತ್ತಮೂರು.

ಏಜೆನ್ಸಿಯ ಸೂಪರ್‌ವೈಸರ್ ಪ್ರಸನ್ನ ಸರ್ ಖಾಲಿ ಬೊಂಬೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

"ನಿನ್ ಹೈಟ್ ಎಷ್ಟಮ್ಮಾ?"

"ಐದು ಅಡಿ ಒಂಬತ್ತು ಇಂಚು, ಸರ."

"ಹಾಕ್ಕೋ. ರಿಜಿಸ್ಟರಲ್ಲಿ ಮುತ್ತು ಅಂತಾನೇ ಇರ್ಲಿ, ಕಂಪನಿಯವ್ರು ಗಂಡಸ್ರನ್ನೇ ಕೇಳಿರೋದು. ನಾಲ್ಕೇ ದಿನ, ಬೇರೆ ಯಾರಾದ್ರೂ ಸಿಕ್ಕೋವರ್ಗೂ."

ನಿಯಮ ಮೂರು. ಜಬರ್ ಮ್ಯಾನ್ ಮಾತಾಡಬಾರದು. ಜನರ ಎದುರು ತಲೆ ತೆಗೆಯಬಾರದು. ಕೂರಬಾರದು. ಹೀಗೆ ಬದುಕುವುದು ನನಗೇನು ಹೊಸದಲ್ಲ ಎನ್ನೋಣ ಎಂದುಕೊಂಡೆ, ಅನ್ನಲಿಲ್ಲ.

ಪ್ರತಿ ಪೊಟ್ಟಣದೊಳಗೆ ಒಂದು ಹಾಳೆಯ ಚಿತ್ರಕಥೆ ಇರುತ್ತದೆ. ಲೋಹದಂತ ಎಂಬ ಖಳ ಬ್ಯಾಂಕಿನ ಬೀಗವನ್ನು ಹಲ್ಲಿನಿಂದ ಕಚ್ಚಿ ಮುರಿಯುತ್ತಾನೆ. ಜಬರ್ ಮ್ಯಾನ್ ಹಾರಿ ಬರುತ್ತಾನೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಒಂದು ಪೊಟ್ಟಣ ಎಸೆಯುತ್ತಾನೆ. ಲೋಹದಂತ ಅದನ್ನು ತಿಂದು, ಆಹಾ ಏನು ಗರಿಗರಿ ಎಂದು ಕಣ್ಣು ಮುಚ್ಚಿ, ತಾನೇ ನಡೆದು ಹೋಗಿ ಪೊಲೀಸ್ ಜೀಪಿನಲ್ಲಿ ಕೂರುತ್ತಾನೆ. ಹತ್ತು ರೂಪಾಯಿಯ ಚಿಪ್ಸಿಗೆ ಕಳ್ಳತನ ಬಿಡುವವನು ಬ್ಯಾಂಕಿಗೆ ಯಾಕೆ ಹೋದ, ಕಿರಾಣಿ ಅಂಗಡಿಗೆ ಹೋಗಬಾರದಿತ್ತೇ?

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

ಚಿತ್ರ ೧. ನಲ್ಲೂರಹಳ್ಳಿ. ಟ್ಯಾಂಕರಾಸುರ ಮೂರು ದಿನದಿಂದ ನೀರು ತಂದಿಲ್ಲ. ನಾವು ಬಾಡಿಗೆಗಿರುವ ಈಶ್ವರಮ್ಮನ ಬಿಲ್ಡಿಂಗಿನವರೆಲ್ಲ ಕೊಡ ಹಿಡಿದು ಅಳುತ್ತಿದ್ದಾರೆ.
ಚಿತ್ರ ೨. ಜಬರ್ ಮ್ಯಾನ್ ಬಂದ. ಪೊಟ್ಟಣ ಎಸೆದ.
ಚಿತ್ರ ೩. ಟ್ಯಾಂಕರಾಸುರ: "ಆಹಾ, ಏನು ಉಪ್ಪು, ಏನು ಖಾರ. ನೀರು ಕೊಡು."
ಚಿತ್ರ ೪. ಜಬರ್ ಮ್ಯಾನ್ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದಾನೆ.

ಸೆಪ್ಟೆಂಬರ್ ೧೧, ಗುರುವಾರ

ಆ ಬೊಂಬೆಯೊಳಗೆ ಒಂದು ಗಂಟೆಯೆಂದರೆ ಒಂದು ಯುಗ. ಬಾಯಿಯ ಜಾಗದಲ್ಲಿ ಕರಿ ಜಾಲರಿ ಇದೆ, ಅದರಿಂದಲೇ ನೋಡಬೇಕು, ಅದರಿಂದಲೇ ಉಸಿರಾಡಬೇಕು. ಒಬ್ಬ ಎಂಜಿನಿಯರ್ ನನ್ನ ಹೊಟ್ಟೆಗೆ ಗುದ್ದಿ ಸೆಲ್ಫಿ ತೆಗೆದುಕೊಂಡ. ನಾಲ್ಕು ದಿನ ಮುಗಿಯಿತು. ಬೇರೆ ಯಾರೂ ಸಿಕ್ಕಿಲ್ಲವಂತೆ.

ಚಿತ್ರ ೧. ಹೋಪ್ ಫಾರ್ಮ್ ಸಿಗ್ನಲ್. ಸಾವಿರ ಗಾಡಿ ನಿಂತಿವೆ.
ಚಿತ್ರ ೨. ಜಬರ್ ಮ್ಯಾನ್ ಎಲ್ಲರಿಗೂ ಪೊಟ್ಟಣ ಎಸೆದ.
ಚಿತ್ರ ೩. ಹಸಿರು ದೀಪ ಬಂತು, ಹೋಯಿತು. ಎಲ್ಲರೂ ತಿನ್ನುವುದರಲ್ಲಿ ಮುಳುಗಿದ್ದಾರೆ.
ಚಿತ್ರ ೪. ಜಾಮ್ ಈಗ ಕಾಡುಗೋಡಿಯವರೆಗೆ.

ಸೆಪ್ಟೆಂಬರ್ ೧೯, ಶುಕ್ರವಾರ

ಇವತ್ತೊಂದು ಎಡವಟ್ಟು ಆಯಿತು. ಮಧ್ಯಾಹ್ನ ನಾಲ್ಕರ ಹೊತ್ತು, ಫುಡ್ ಕೋರ್ಟ್ ಖಾಲಿ. ನಿಂತು ನಿಂತು ಕಾಲು ಜೋಮು ಹಿಡಿದಿತ್ತು. ಜೋಮು ಬಿಡಿಸಲು ಹೆಜ್ಜೆ ಹಾಕಿದೆ. ಹಾಕುತ್ತ ಹಾಕುತ್ತ ಅದು ಬರೀ ಹೆಜ್ಜೆಯಾಗಿ ಉಳಿಯಲಿಲ್ಲ. ನಮ್ಮೂರ ಬಯಲಾಟ, ದೊಡ್ಡಾಟದಲ್ಲಿ ಗದೆ ಹಿಡಿದ ವೀರ ರಂಗಕ್ಕೆ ಬರುವಾಗ ಹಾಕುವ ಹೆಜ್ಜೆ ಅದು. ಸುತ್ತಿ, ಕುಪ್ಪಳಿಸಿ, ಎದೆ ಸೆಟೆಸಿ ನಿಲ್ಲುವುದು. ನನಗೆ ಗೊತ್ತಾಗುವಷ್ಟರಲ್ಲಿ ಫೋಮಿನ ಎದೆ ಸೆಟೆದು ನಿಂತಿತ್ತು.

ನೆಲ ಒರೆಸುತ್ತಿದ್ದ ಹೌಸ್‌ಕೀಪಿಂಗ್ ಹೆಂಗಸು ಮಾಪ್ ಬಿಟ್ಟು ಹತ್ತಿರ ಬಂದಳು. ಐವತ್ತೈದರ ಮೇಲಾಗಿರಬೇಕು.

"ತಮ್ಮಾ, ನೀ ಯಾವ ಊರಾಂವೋ? ಇದು ನಮ್ಮ ಕಡೀ ಆಟದ ಹೆಜ್ಜಿ."

ನಾನು ನಿಯಮದ ಪ್ರಕಾರ ಸುಮ್ಮನಿದ್ದೆ. ಅವಳು ಜಾಲರಿಯೊಳಗೆ ಇಣುಕಿದಳು. ನನ್ನ ಮೂಗುಬೊಟ್ಟು ಕಂಡಿತೋ ಏನೋ, ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದು ನಕ್ಕಳು.

"ಎವ್ವಾ, ಹೆಣ್ಣ ಐತಿ ಒಳಗ."

ಹೆಸರು ದುರ್ಗವ್ವ, ಕುಷ್ಟಗಿ ಕಡೆಯವಳು. ಯಾರಿಗೂ ಹೇಳಬೇಡ ಎಂದು ಕೈಮುಗಿದೆ. ಜಬರ್ ಮ್ಯಾನ್ ಕೈಮುಗಿದದ್ದು ನೋಡಿ ಅವಳಿಗೆ ಇನ್ನೂ ನಗು. ಇಷ್ಟು ನಕ್ಕವರನ್ನು ನಾನು ಈ ಊರಲ್ಲಿ ನೋಡಿರಲಿಲ್ಲ.

ಸೆಪ್ಟೆಂಬರ್ ೨೫, ಗುರುವಾರ

ಅಪ್ಪ ಫೋನ್ ಮಾಡಿದ್ದ. ಏನು ಕೆಲಸ ಎಂದು ಕೇಳಿದ. ಪೊಟ್ಟಣ ಹಂಚುವುದು ಎಂದೆ. ಸುಳ್ಳಲ್ಲ.

ಅಪ್ಪ ಮಲಕಪ್ಪ ಎಂದರೆ ಯಲಬುರ್ಗಾ ತಾಲ್ಲೂಕಿನಲ್ಲಿ ಗೊತ್ತಿಲ್ಲದವರಿಲ್ಲ. ಮೂವತ್ತು ವರ್ಷ ಗದೆಯ ಪಾತ್ರ ಕಟ್ಟಿದವನು. ಮೊಣಕಾಲು ಹೋದ ಮೇಲೆ ಈಗ ಊರ ಹುಡುಗರಿಗೆ ಹೆಜ್ಜೆ ಕಲಿಸುತ್ತಾನೆ, ಬೈದು ಬೈದು ಕಲಿಸುತ್ತಾನೆ. ಅವನ ಬೈಗುಳ ತಿನ್ನದ ಕಲಾವಿದ ನಮ್ಮ ಸೀಮೆಯಲ್ಲಿಲ್ಲ. ನಾನು ಮಾತ್ರ ತಿಂದಿಲ್ಲ. ನಮ್ಮಲ್ಲಿ ರಾಣಿಯ ಪಾತ್ರವನ್ನೂ ಗಂಡಸರೇ ಕಟ್ಟುತ್ತಾರೆ. ನನ್ನ ಪಾಲಿಗೆ ಬಂದದ್ದು ಗೆಜ್ಜೆ ಪೋಣಿಸುವುದು, ಕಿರೀಟಕ್ಕೆ ಬೇಗಡೆ ಅಂಟಿಸುವುದು, ಪರದೆಯ ಹಿಂದೆ ಕೂತು ನೋಡುವುದು. ಹದಿನಾಲ್ಕರಲ್ಲಿದ್ದಾಗ ಒಮ್ಮೆ, ನಾನೂ ಪಾತ್ರ ಕಟ್ಟಲೇ ಎಂದು ಕೇಳಿದೆ. ಅಪ್ಪ ಸಿಟ್ಟು ಮಾಡಲಿಲ್ಲ, ನಕ್ಕ. ಸಿಟ್ಟು ಮಾಡಿದ್ದರೆ ಮರೆಯುತ್ತಿದ್ದೆ.

ಅಕ್ಟೋಬರ್ ೧, ಬುಧವಾರ. ಆಯುಧಪೂಜೆ

ಮುತ್ತು ಕಬ್ಬಿಣ ಬಗ್ಗಿಸುವ ಚಾವಿಗೆ ಕುಂಕುಮ ಹಚ್ಚಿದ. ನಾನು ಜಬರ್ ಮ್ಯಾನ್ ತಲೆಯನ್ನು ಒರಳಿನ ಮೇಲಿಟ್ಟು ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟೆ. ಮನೆ ಮಾಲೀಕರಾದ ಈಶ್ವರಮ್ಮ ಕಡ್ಲೆಪುರಿ ಕೊಡಲು ಮೇಲೆ ಬಂದವರು ಬಾಗಿಲಲ್ಲೇ ನಿಂತರು.

"ಇದ್ಯಾವ್ ದ್ಯಾವ್ರಮ್ಮೀ?"

"ಚಿಪ್ಸ್ ದೇವ್ರು ಅಮ್ಮಾವ್ರೇ."

"ಉಗ್ರವಾಗವ್ನೆ," ಎಂದು ಕೈಮುಗಿದು, ಒಂದು ಹಿಡಿ ಕಡ್ಲೆಪುರಿ ಅವನ ಮುಂದೆಯೂ ಹಾಕಿ ಹೋದರು.

ಅಕ್ಟೋಬರ್ ೧೪, ಮಂಗಳವಾರ

ಬಹಳ ದಿನ ಬರೆಯಲಾಗಲಿಲ್ಲ, ಕೆಲಸ ಹೆಚ್ಚಾಯಿತು. ನಾಲ್ಕು ಗಂಟೆಗೆ ಜನ ಸೇರುತ್ತಾರೆ. ಏಳನೇ ಮಹಡಿಯವರು ಚಹಾದ ಲೋಟ ಹಿಡಿದು ಕಾದು ನಿಂತಿರುತ್ತಾರೆ.

ಶುರುವಾದದ್ದು ಹೀಗೆ. ಕಳೆದ ವಾರ ದುರ್ಗವ್ವನ ಬಕೆಟ್ ಪಕ್ಕದಲ್ಲೇ ಇತ್ತು. ಯಾಕೆ ಹಾಗೆ ಮಾಡಿದೆನೋ, ಟ್ಯಾಂಕರಾಸುರನ ಕಥೆಯನ್ನು ಮಾತಿಲ್ಲದೆ ಆಡಿಬಿಟ್ಟೆ. ಗಾಳಿಗೆ ಪೊಟ್ಟಣ ಎಸೆದೆ. ಅಸುರನಾಗಿ ತಿಂದೆ, ನಾಲಿಗೆ ಸುಟ್ಟಂತೆ ಕುಣಿದೆ, ಮತ್ತೆ ವೀರನಾಗಿ ಬಕೆಟ್ ಎತ್ತಿಕೊಂಡು ನೀರಿನ ಫಿಲ್ಟರಿನ ಮುಂದೆ ಸಾಲಿನಲ್ಲಿ ನಿಂತೆ. ಸಾಲಿನಲ್ಲಿದ್ದ ಎಂಜಿನಿಯರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಅಪಾರ್ಟ್‌ಮೆಂಟಿಗೂ ಟ್ಯಾಂಕರಿನದೇ ನೀರಂತೆ. ಮರುದಿನ ಹೋಪ್ ಫಾರ್ಮ್ ಸಿಗ್ನಲ್ ಆಡಿದೆ. ಇವತ್ತು, ಸಂಜೆ ಐದೂ ಐವತ್ತಕ್ಕೆ ಮೀಟಿಂಗ್ ಕರೆಯುವ ಮ್ಯಾನೇಜರಾಸುರ. ಅವನು ಚಿಪ್ಸ್ ತಿನ್ನುತ್ತಲೇ ಮೀಟಿಂಗ್ ಮುಂದುವರಿಸುತ್ತಾನೆ.

ಪ್ರಸನ್ನ ಸರ್‌ಗೆ ಹೇಗೋ ತಲುಪಿತು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವರು ಆಚೆ ಈಚೆ ನೋಡಿ, "ಕಂಪನಿ ಮರ್ಯಾದೆ ತೆಗೀತಿದ್ದೀಯ. ಆದ್ರೆ ಈ ಪಾರ್ಕಲ್ಲಿ ಸೇಲ್ಸ್ ಡಬಲ್ ಆಗಿದೆ. ನಾನೇನೂ ನೋಡಿಲ್ಲ ಅನ್ಕೋ," ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮ ಸರ್ ಪಳಗಿದವರು.

ಹೋಗುತ್ತ ಇನ್ನೊಂದು ಮಾತು ಹೇಳಿದರು. ನವೆಂಬರ್ ಹದಿನಾಲ್ಕಕ್ಕೆ ಇಲ್ಲಿ ರಾಜ್ಯೋತ್ಸವ. ಕಂಪನಿಯದೇ ಪ್ರಾಯೋಜಕತ್ವ. ಆರು ಪಾರ್ಕಿನ ಆರು ಜಬರ್ ಮ್ಯಾನುಗಳು ವೇದಿಕೆಯ ಮೇಲೆ ಲೋಹದಂತನನ್ನು ಗೆಲ್ಲಬೇಕು. ಜನ ಮೊಬೈಲಿನಲ್ಲಿ ವೋಟು ಹಾಕುತ್ತಾರೆ. ಗೆದ್ದವನು ಒಂದು ವರ್ಷ ಕಂಪನಿಯ ವೀರ, ಊರೂರಿಗೆ ಹೋಗಿ ಆಟ ಆಡಬೇಕು. ಉಳಿದ ಐದು ವೇಷ ಗೋದಾಮಿಗೆ.

ನನಗೆ ಅದು ಬೇಕು. ಇಲ್ಲಿ ಬರೆದರೆ ಯಾರೂ ಓದುವುದಿಲ್ಲವಾದ್ದರಿಂದ ಇನ್ನೊಮ್ಮೆ ಬರೆಯುತ್ತೇನೆ. ನನಗೆ ಅದು ಬೇಕೇ ಬೇಕು.

ಅಕ್ಟೋಬರ್ ೨೯, ಬುಧವಾರ

ಕಂಪನಿಯ ಕೃಪಾ ಮೇಡಂ ನೋಡಲು ಬಂದಿದ್ದರು. ಸಣ್ಣ ವಯಸ್ಸು, ಚುರುಕು. ನನ್ನ ಆಟ ನೋಡಿ, "ಸೂಪರ್, ಮುತ್ತು. ಸಕ್ಕತ್ತಾಗಿ ಮೂವ್ ಮಾಡ್ತೀರ," ಎಂದು ಕೈ ಕುಲುಕಿದರು. ನಾನು ಕುಂಬಳಕಾಯಿ ತಲೆ ಆಡಿಸಿದೆ.

ಅವರು ಹೋದ ಮೇಲೆ ಪ್ರಸನ್ನ ಸರ್ ನನ್ನನ್ನು ಸ್ಟೋರ್ ರೂಮಿಗೆ ಕರೆದರು. ಗೆದ್ದವನು ವೇದಿಕೆಯ ಮೇಲೆ ತಲೆ ತೆಗೆದು ಮುಖ ತೋರಿಸಬೇಕಂತೆ, ಹಾರ ಹಾಕುತ್ತಾರಂತೆ, ಫೋಟೋ ಪೊಟ್ಟಣದ ಮೇಲೆ ಬರುತ್ತದಂತೆ.

"ನಿನ್ ತಮ್ಮನ್ನ ಕರ್ಕೊಂಡು ಬಾ. ನೀನು ಆಡು. ಗೆದ್ರೆ, ಸ್ಟೇಜ್ ಹಿಂದೆ ಹೋಗಿ ಡ್ರೆಸ್ ಅವ್ನಿಗೆ ಹಾಕ್ಸು. ಅವ್ನು ಬಂದು ತಲೆ ತೆಗೀಲಿ."

"ಆಡಾಕಿ ನಾನು, ಹಾರ ಅವಂಗೇನ್ರಿ ಸರ?"

"ರಿಜಿಸ್ಟರಲ್ಲಿ ಎರಡ್ ತಿಂಗ್ಳಿಂದ ಮುತ್ತು ಅಂತ ಬರ್ದಿರೋನು ನಾನು. ಗೊತ್ತಾದ್ರೆ ನನ್ ಕೆಲ್ಸ ಹೋಗುತ್ತೆ ಕಣಮ್ಮಾ. ಆಮೇಲೂ ಊರೂರಿಗೆ ನೀನೇ ಹೋಗು, ಯಾರು ತಡೀತಾರೆ? ಒಳಗಡೆ ಯಾರಿದ್ರೆ ಏನು?"

ಅವರ ಮೇಲೆ ಪೂರ್ತಿ ಸಿಟ್ಟು ಬರಲಿಲ್ಲ, ಮುಖ ಸಣ್ಣದು ಮಾಡಿಕೊಂಡಿದ್ದರು. ಒಪ್ಪಿಕೊಂಡು ಬಂದೆ. ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿಯುವಾಗ ಸಿಟ್ಟು ಬಂತು. ಈಗಲೂ ಇದೆ.

ನವೆಂಬರ್ ೩, ಸೋಮವಾರ

ಚಿತ್ರ ೧. ಜಬರ್ ಮ್ಯಾನ್ ಲೋಹದಂತನನ್ನು ಗೆದ್ದಳು.
ಚಿತ್ರ ೨. ಊರವರು ಹಾರ ತಂದರು.
ಚಿತ್ರ ೩. ಹಾರ ಹಾಕಿಸಿಕೊಳ್ಳಲು ಅವಳ ತಮ್ಮ ಬಂದ.
ಚಿತ್ರ ೪. ಲೋಹದಂತ ಜೀಪಿನಿಂದ ಇಳಿದು ಬಂದು, ತನ್ನ ಕೈಯಲ್ಲಿದ್ದ ಪೊಟ್ಟಣ ಕೊಟ್ಟ. "ತಗೋ ತಂಗಿ, ತಿನ್ನು."

ಮುತ್ತುವಿಗೆ ವಿಷಯ ಹೇಳಿದೆ. ಅನ್ನ ಕಲಸುವುದನ್ನು ನಿಲ್ಲಿಸಿ, "ನಾ ಕುಣಿಯಾಂಗಿಲ್ಲ, ಮಣಿಯಾಂಗಿಲ್ಲ, ಕೊಳ್ಳಿಗೆ ಹಾರ ಹಾಕಸ್ಕೊಂಡ ನಿಂದ್ರೂದು. ಮದುವಿ ಗಂಡು ಆದಂಗ ಆತಲ್ಲಕ್ಕಾ," ಎಂದು ನಕ್ಕ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ, "ಛಲೋ ಅನಸವಲ್ದು," ಎಂದ. ಅವನಿಗೂ ಹಾಗೆ ಅನಿಸಿದ್ದು ನನಗೆ ಸಮಾಧಾನ. ಆದರೆ ಬರುತ್ತೇನೆ ಎಂದಿದ್ದಾನೆ.

ನವೆಂಬರ್ ೬, ಗುರುವಾರ

ದುರ್ಗವ್ವನಿಗೆ ಎಲ್ಲ ಹೇಳಿಕೊಂಡೆ. ಅವಳು ಸಂಕಟಪಡಲಿಲ್ಲ, ಸಿಡುಕಿದಳು.

"ನಮ್ಮ ಆಟದಾಗ ಹಿಂಗ ನಡೀತೈತೇನು? ಪಾತ್ರ ಬಂದ್ರ ಸಾರಥಿ ಕೇಳತಾನ, ತಾವು ಧಾರು ಅಂತ. ಹೆಸರು ಹೇಳದಂಗ ಯಾವ ಪಾತ್ರ ಆದ್ರೂ ಮುಂದಿನ ಹೆಜ್ಜಿ ಹಾಕತೈತೇನು?"

ನಿಜ. ನಮ್ಮಲ್ಲಿ ರಾಜನಿರಲಿ, ರಾಕ್ಷಸನಿರಲಿ, ರಂಗಕ್ಕೆ ಬಂದ ಕೂಡಲೇ ಸಾರಥಿ ತಡೆದು ಹೆಸರು, ಸ್ಥಳ, ಬಂದ ಕಾರಣ ಕೇಳುತ್ತಾನೆ. ಹೇಳುವವರೆಗೆ ಮದ್ದಳೆ ನುಡಿಯುವುದಿಲ್ಲ. ಎಲ್ಲರಿಗೂ ಗೊತ್ತಿರುವ ಪಾತ್ರವಾದರೂ ಹೇಳಲೇಬೇಕು. ಆದರೆ ಇದು ಚಿಪ್ಸ್ ಕಂಪನಿಯ ಆಟ, ಇಲ್ಲಿ ಸಾರಥಿ ಎಲ್ಲಿಂದ ಬರಬೇಕು ಎಂದೆ. ದುರ್ಗವ್ವ ಮಾಪ್ ಹಿಂಡಿದಳು.

ನವೆಂಬರ್ ೧೩, ಗುರುವಾರ

ಶಾಲು ಒಗೆದು ಒಣಹಾಕಿದೆ. ಮುತ್ತು ಕ್ಷೌರ ಮಾಡಿಸಿಕೊಂಡು ಬಂದ, ಫೋಟೋಕ್ಕೆ.

ನವೆಂಬರ್ ೧೪, ಶುಕ್ರವಾರ

ಅಕ್ಷರ ಹೇಗೆ ಬಂದರೂ ಸರಿ, ಇವತ್ತೇ ಎಲ್ಲಾ ಬರೆದಿಡುತ್ತೇನೆ.

ಮೂರು ಗಂಟೆಗೆ ಶುರು. ಬಯಲು ವೇದಿಕೆಯ ಸುತ್ತ ಮೆಟ್ಟಿಲಿನ ಮೇಲೆ ಸಾವಿರ ಜನರಿದ್ದರೋ ಏನೋ. ಎಲ್ಲರ ಕೊರಳಲ್ಲೂ ಹಳದಿ ಕೆಂಪು ಶಲ್ಯ. ಹಿಂದಿನ ಸಾಲಿನಲ್ಲಿ ಸೆಕ್ಯೂರಿಟಿಯವರು, ಕ್ಯಾಂಟೀನಿನವರು, ಹೌಸ್‌ಕೀಪಿಂಗಿನವರು ನಿಂತಿದ್ದರು. ವೇದಿಕೆಯ ಹಿಂದೆ ಐದು ಜಬರ್ ಮ್ಯಾನುಗಳು ತಲೆ ಕಳಚಿ ತೊಡೆಯ ಮೇಲಿಟ್ಟುಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದರು. ನಾನೊಬ್ಬಳು ತಲೆ ತೆಗೆಯದೆ ಮೂಲೆಯಲ್ಲಿ ನಿಂತಿದ್ದೆ. ನನ್ನ ಪಕ್ಕದಲ್ಲಿ ಮುತ್ತು, ಇಸ್ತ್ರಿ ಮಾಡಿದ ಅಂಗಿ, ಮದುವೆ ಗಂಡಿನ ಮುಖ.

ಒಬ್ಬೊಬ್ಬರಿಗೆ ಮೂರು ನಿಮಿಷ. ಸ್ಪೀಕರಿನಿಂದ ಲೋಹದಂತನ ಅಟ್ಟಹಾಸ, ಜಬರ್ ಮ್ಯಾನ್ ಓಡಿ ಬರುತ್ತಾನೆ, ತೋಳು ಮಡಚಿ ತೋರಿಸುತ್ತಾನೆ, ಪೊಟ್ಟಣ ಎಸೆಯುತ್ತಾನೆ. ಲೋಹದಂತನ ವೇಷ ಹಾಕಿದ್ದ ಬಡಪಾಯಿ ಐದು ಸಲ ಶರಣಾಗಿ, ಐದು ಪೊಟ್ಟಣ ತಿಂದು, ನನ್ನ ಸರದಿ ಬರುವಷ್ಟರಲ್ಲಿ ಬಿಕ್ಕಳಿಸುತ್ತಿದ್ದ.

ನಾನು ಓಡಲಿಲ್ಲ. ಅಪ್ಪ ಬರುವ ಹಾಗೆ ಬಂದೆ. ಸುತ್ತಿ, ಕುಪ್ಪಳಿಸಿ, ನೆಲ ಒದ್ದು, ವೇದಿಕೆಯ ನಟ್ಟನಡುವೆ ಎದೆ ಸೆಟೆಸಿ ನಿಂತೆ. ಏಳನೇ ಮಹಡಿಯವರು ಕೂಗಿದರು. ಎಸೆಯಲು ಪೊಟ್ಟಣ ಎತ್ತಿದೆ. ಆಗ ಹಿಂದಿನ ಸಾಲಿನಿಂದ ಒಂದು ದನಿ ಎದ್ದಿತು. ಮೈಕಿಲ್ಲ, ಏನಿಲ್ಲ, ಊರಬಯಲಿನಲ್ಲಿ ಆಟ ಕೇಳಿ ಬೆಳೆದವರ ದನಿ.

"ಭಳಿರೇ ವೀರಾ! ತಾವು ಧಾರು? ತಮ್ಮ ಸ್ಥಳ ಧಾವುದು? ತಮ್ಮ ನಾಮಾಂಕಿತ ಏನೆಂದು ಕರೆಯುವರು?"

ದುರ್ಗವ್ವ. ಮಾಪಿನ ಕೋಲನ್ನು ನೆಲಕ್ಕೂರಿ ನಿಂತಿದ್ದಾಳೆ.

ಜನ ಇದೂ ಆಟದ ಭಾಗವೆಂದು ನಕ್ಕರು, ಆಮೇಲೆ ಉತ್ತರಕ್ಕೆ ಕಾದರು. ನಾನು ನಿಂತೇ ಇದ್ದೆ. ವೇದಿಕೆಯ ಪಕ್ಕದಲ್ಲಿ ಪ್ರಸನ್ನ ಸರ್ ಪೊಟ್ಟಣ ಎಸಿ, ಎಸಿ ಎಂದು ಕೈಸನ್ನೆ ಮಾಡುತ್ತಿದ್ದರು. ಅವರ ಕೆಲಸದ ನೆನಪಾಯಿತು, ಹಾರದ ನೆನಪಾಯಿತು. ಆದರೆ ಸಾರಥಿ ಕೇಳಿಯಾಗಿತ್ತು. ಕೇಳಿದ ಮೇಲೆ ಹೇಳದೆ ಹೆಜ್ಜೆ ಎತ್ತುವುದು ನನ್ನಿಂದ ಆಗಲಿಲ್ಲ, ಕಾಲೇ ಏಳಲಿಲ್ಲ. ಎರಡೂ ಕೈಯಿಂದ ಕುಂಬಳಕಾಯಿ ತಲೆ ಕಳಚಿ ಕಂಕುಳಲ್ಲಿಟ್ಟುಕೊಂಡೆ. ಜಡೆ ಬಿಚ್ಚಿ ಬೆನ್ನಿಗೆ ಬಿತ್ತು. ಸಾವಿರ ಜನ ಒಮ್ಮೆಲೇ ಉಸಿರೆಳೆದುಕೊಂಡದ್ದು ಕೇಳಿಸಿತು.

"ಭಳಿರೇ ಸಾರಥಿ, ಪೇಳುವೆನು ಕೇಳು. ಕೊಪ್ಪಳ ಸೀಮೆಯೊಳಗೆ, ಕಲ್ಲಬಾವಿ ಗ್ರಾಮದೊಳಗೆ, ಮೂವತ್ತು ವರುಷ ಗದೆಯಂ ಪಿಡಿದು ಮೆರೆದ ಮಲಕಪ್ಪನೆಂಬ ವೀರನಿಗೆ ಪುತ್ರಿಯಾಗಿ ಜನಿಸಿ, ನಲ್ಲೂರಹಳ್ಳಿಯ ಈಶ್ವರಮ್ಮನವರ ಮೂರನೆಯ ಮಹಡಿಯೊಳ್ ವಾಸವಾಗಿ, ಫೋಮಿನ ಭುಜಂಗಳಂ ಧರಿಸಿ, ಈ ಗಾಜಿನ ಅರಮನೆಯ ಎಂಜಿನಿಯರ್ ಮಹಾಜನಗಳಿಗೆ ದಿನಂಪ್ರತಿ ಉಪ್ಪು ಖಾರದ ಪೊಟ್ಟಣಂಗಳಂ ದಾನಗೈಯುವ ಸುಮಂಗಲ ಎಂದು ತಿಳಿಯೈ ಸಾರಥಿ."

ಮೆಟ್ಟಿಲುಗಳು ಎದ್ದು ನಿಂತವು. ದುರ್ಗವ್ವ ಬಿಡಲಿಲ್ಲ.

"ಬಂದಂಥ ಕಾರಣವೇನು?"

"ಈ ಲೋಹದಂತನೆಂಬ ಖೂಳನು ಐದು ಪೊಟ್ಟಣಂಗಳಂ ಭಕ್ಷಿಸಿ ಬಿಕ್ಕಳಿಸುತ್ತಿರುವನು. ಆರನೆಯದಂ ಕೊಟ್ಟೊಡೆ ಜೀಪಿಗಲ್ಲ, ಆಸ್ಪತ್ರೆಗೆ ಪೋಪನು. ಆದುದರಿಂದ ಇವನಿಗೆ ಒಂದು ಲೋಟ ನೀರಂ ಕೊಟ್ಟು ಗೆಲ್ಲಲು ಬಂದಿರುವೆನು."

ಮುಂದಿನ ಸಾಲಿನ ಒಬ್ಬರು ತಮ್ಮ ನೀರಿನ ಬಾಟಲಿ ಎಸೆದರು. ಹಿಡಿದೆ, ಕೊಟ್ಟೆ. ಲೋಹದಂತ ನಿಜವಾಗಿಯೂ ಗಟಗಟ ಕುಡಿದ. ಕುಡಿದು, ಅವನ ಮಾತು ಎಲ್ಲೂ ಬರೆದಿರದಿದ್ದರೂ, ನನ್ನ ಕಾಲಿಗೆ ಬಿದ್ದು "ಬದುಕಿಸಿದೆ ತಾಯೀ" ಎಂದ. ಜನ ಹುಚ್ಚೆದ್ದರು. ಚಪ್ಪಾಳೆಯಲ್ಲೇ ತಾಳ ಹಾಕತೊಡಗಿದರು, ಆ ತಾಳಕ್ಕೆ ನಾನು ಹೆಜ್ಜೆ ಹಾಕಿದೆ, ಟ್ಯಾಂಕರಾಸುರನನ್ನು ತಂದೆ, ಮ್ಯಾನೇಜರಾಸುರನನ್ನು ತಂದೆ, ಒಬ್ಬೊಬ್ಬರಿಗೂ ದುರ್ಗವ್ವ ಧಾರು ಎಂದು ಕೇಳಿದಳು, ಒಬ್ಬೊಬ್ಬರಾಗಿಯೂ ನಾನು ಉತ್ತರ ಕೊಟ್ಟೆ. ಮೂರು ನಿಮಿಷದ ಆಟ ಹತ್ತೊಂಬತ್ತು ನಿಮಿಷ ನಡೆಯಿತಂತೆ. ನಮ್ಮ ಊರಲ್ಲಾದರೆ ಅಷ್ಟರಲ್ಲಿ ಕಿರೀಟ ಕಟ್ಟಿಯೂ ಮುಗಿಯುವುದಿಲ್ಲ.

ವೋಟಿನ ಎಣಿಕೆ ಕೇಳಿದರೆ ನಾನೇ ಹೇಳುವುದಕ್ಕೆ ನಾಚಿಕೆ. ಉಳಿದ ಐವರ ವೋಟು ಕೂಡಿಸಿದರೂ ನನ್ನದರ ಅರ್ಧ ಆಗಲಿಲ್ಲ.

ಕೃಪಾ ಮೇಡಂ ವೇದಿಕೆಯ ಹಿಂದೆ ಬಂದರು. ಪಟ್ಟಿ ನೋಡಿದರು, ನನ್ನನ್ನು ನೋಡಿದರು. "ಹಾಗಾದ್ರೆ ಈ ಮುತ್ತು ಯಾರು?"

ಮುತ್ತು ಇಸ್ತ್ರಿ ಅಂಗಿ ಸರಿಮಾಡಿಕೊಂಡು ಮುಂದೆ ಬಂದ. "ನಾನ್ರಿ ಮೇಡಂ. ನಾ ಒಂದ ದಿನದ ಜಬರ್ ಮ್ಯಾನ್. ಒಳಗ ಉಸರ ಕಟ್ಟತೈತ್ರಿ."

ಪ್ರಸನ್ನ ಸರ್ ಗೋಡೆಗೆ ಒರಗಿದ್ದರು. ತಪ್ಪು ನಮ್ಮದು, ನಾನೇ ಹಟ ಹಿಡಿದು ಹಾಕಿಕೊಂಡೆ ಎಂದೆ. ಅವರು ನನ್ನತ್ತ ನೋಡಿ, "ಇಲ್ಲ ಮೇಡಂ, ನಾನೇ ಬರ್ದಿದ್ದು," ಎಂದರು. ಎರಡು ತಿಂಗಳಲ್ಲಿ ಅವರು ಆಡಿದ ನೇರ ಮಾತು ಅದೊಂದೇ.

ನವೆಂಬರ್ ೧೫, ಶನಿವಾರ

ಕೃಪಾ ಮೇಡಂ ಆಫೀಸಿಗೆ ಕರೆಸಿದರು. ಪ್ರಸನ್ನ ಸರ್‌ಗೆ ಬೈಗುಳ ಆಗಿದೆ, ಕೆಲಸ ಉಳಿದಿದೆ. ಮೇಡಂ ನನ್ನ ಹೆಸರಿನ ಹೊಸ ಕರಾರುಪತ್ರ ತಂದರು.

"ಮೇಲಿನವ್ರು ಹೀರೋ ಮಾತಾಡೋದು ಬೇಡ ಅಂತಿದ್ರು. ನಿನ್ನೆ ವೀಡಿಯೋ ತೋರಿಸ್ದೆ, ಸುಮ್ನಾದ್ರು. ಮೂರು ನಿಮಿಷ ಮಾತಾಡಿ, ಸಾಕಾ?"

"ಹದಿನೈದು ಬೇಕ್ರಿ ಮೇಡಂ. ನಮ್ಮ ಆಟದಾಗ ಬರೀ ಹೆಸರು ಹೇಳಾಕ ಐದು ಹೋಗತಾವ. ಮತ್ತ ನನಗೊಬ್ಬಾಕಿ ಸಾರಥಿ ಬೇಕು."

ಹೀಗೆ ಕಂಪನಿಯವರ ಎದುರು ಕೂತು ಕೇಳಿದೆ. ಕುರ್ಚಿಯ ಮೇಲೆ ಕೂತೇ ಕೇಳಿದೆ ಎಂಬುದು ಈಗ ಬರೆಯುವಾಗ ಗೊತ್ತಾಗುತ್ತಿದೆ. ಹದಿನೈದು ಸಿಕ್ಕಿತು. ದುರ್ಗವ್ವ ಮಾತ್ರ ಭಾನುವಾರಕ್ಕಷ್ಟೇ ಒಪ್ಪಿದ್ದಾಳೆ. ಅವಳ ನೆಲ ಬೇರೆಯವರು ಒರೆಸಿದರೆ ಅವಳಿಗೆ ನಿದ್ದೆ ಬರುವುದಿಲ್ಲವಂತೆ.

ಮುತ್ತು ವೀಡಿಯೋವನ್ನು ಊರಿಗೆಲ್ಲ ಕಳಿಸಿದ್ದಾನೆ. ಅಪ್ಪ ನೋಡಿದನಂತೆ. ಏನಂದ ಎಂದು ಕೇಳಿದೆ. ಮತ್ತೊಮ್ಮೆ ಹಾಕು ಅಂದ, ಆಮೇಲೆ ಎದ್ದು ಹೋದ ಎಂದು ಊರಲ್ಲಿರುವ ಅಣ್ಣ ಹೇಳಿದನಂತೆ. ಗೆದ್ದ ಖುಷಿಯಲ್ಲೂ ಇದೊಂದು ಎದೆಯಲ್ಲಿ ಕೂತಿದೆ.

ನವೆಂಬರ್ ೧೭, ಸೋಮವಾರ

ಬೆಳಿಗ್ಗೆ ಏಳಕ್ಕೆ ಅಪ್ಪನ ಫೋನ್. ಊಟ ಕೇಳಲಿಲ್ಲ, ಆರೋಗ್ಯ ಕೇಳಲಿಲ್ಲ.

"ಬರೋ ಹೆಜ್ಜಿಯೊಳಗ ಎಡಗಾಲ ಮೊದಲ ಇಟ್ಟಿ."

"ಆ ಬೂಟು ರಬ್ಬರಿಂದೈತಿ ಅಪ್ಪಾ, ಜಾರತೈತಿ," ಎಂದೆ.

"ಕುಣಿಯಾಕ ಬಾರದಾಕಿ ನೆಲ ಡೊಂಕ ಅಂದ್ಲಂತ. ಗದಾ ಹಿಡಿಯೋ ಪಾತ್ರ ಬಲಗಾಲ ಇಟ್ಟು ಬರತೈತಿ. ಎರಡನೇ ಸುತ್ತಿನ್ಯಾಗ ಬೆನ್ನು ಬಗ್ಗಿತ್ತು. ಧಾರು ಅಂತ ಕೇಳಿದ ಕೂಡ್ಲೆ ಹೇಳಿಬಿಡತಾರೇನು, ಮೂರು ಎಣಿಸಬೇಕು. ಯಾರು ಕಲಿಸಿದ್ರು ನಿನಗ ಇಂಥಾ ಆಟ, ಕತ್ತಿಮರಿ ಕುಣದಂಗ."

ಬೈಯುತ್ತಲೇ ಹೋದ. ನಾನು ಕಣ್ಣೊರೆಸಿಕೊಳ್ಳುತ್ತ ಕೇಳುತ್ತಲೇ ಇದ್ದೆ. ಈ ಬೈಗುಳಕ್ಕೆ ನಾನು ಹತ್ತೊಂಬತ್ತು ವರ್ಷ ಕಾದಿದ್ದೆ.

"ಫೋನ್ ನೆಲದ ಮ್ಯಾಲ ಇಡು. ಹೆಜ್ಜಿ ಹಾಕು. ಸಪ್ಪಳ ಕೇಳತೀನಿ."

ಇಟ್ಟೆ. ಅಪ್ಪ ಅತ್ತಲಿಂದ ಬಾಯಲ್ಲೇ ಮದ್ದಳೆ ನುಡಿಸಿದ. ನಾನು ಬಲಗಾಲು ಎತ್ತಿದೆ. ಕೆಳಗಿನಿಂದ ಈಶ್ವರಮ್ಮ, "ಅಮ್ಮೀ, ಬಿಲ್ಡಿಂಗ್ ಬೀಳುಸ್ಬುಡ್ಬ್ಯಾಡ," ಎಂದು ಕೂಗಿದರು. ಮುತ್ತು ಹೊದಿಕೆಯೊಳಗಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದ.

ಅಪ್ಪ ಇನ್ನೊಮ್ಮೆ ಎಂದ. ಇನ್ನೊಮ್ಮೆ ಹಾಕಿದೆ.